ಕಟ್ಟಡಕ್ಕೆ ದುಡ್ಡಿದೆ, ನಡೆಸುವುದಕ್ಕಿಲ್ಲ: ಪಾಲಿಕೆಯಿಂದ ಸಮಾಜ ಸೇವೆಗೆ ವರ್ಷವರ್ಷದ ಹಣ ಪಡೆಯುವುದು ಹೇಗೆ?

ಮಾಟುಂಗಾ ಪೂರ್ವ

ಮುಂಬಯಿ, ಠಾಣೆ, ಪುಣೆಯಲ್ಲಿ ಕನ್ನಡಿಗರ ಸಣ್ಣಪುಟ್ಟ ಸಂಘಗಳು ನಡೆಸುವ ಕೆಲಸಗಳು ನಿಮಗೆ ಗೊತ್ತು: ವೃದ್ಧರ ಹಗಲು ಕೇಂದ್ರ, ಮಕ್ಕಳ ಸಂಜೆ ಅಭ್ಯಾಸ ಕೊಠಡಿ, ಮಧ್ಯಾಹ್ನದ ಊಟ, ಆಸ್ಪತ್ರೆಯ ಕಾಗದಪತ್ರಕ್ಕೆ ನೆರವು. ಬೇಡಿಕೆ ಎಲ್ಲ ಕಡೆ ಏರಿದೆ. ಚಾಳಿನಲ್ಲಿ ಒಬ್ಬರೇ ಉಳಿದ ಹಿರಿಯರು, ಕಲಬುರಗಿ ಯಾದಗಿರಿಯಿಂದ ಹೊಸದಾಗಿ ಬಂದ ಕೂಲಿ ಕುಟುಂಬಗಳು ಇಬ್ಬರೂ ಒಂದೇ ಬಾಗಿಲು ತಟ್ಟುತ್ತಾರೆ. ದೇಣಿಗೆ ಮಾತ್ರ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯ ಜಾಹೀರಾತಿನ ಮಟ್ಟದಲ್ಲೇ ನಿಂತಿದೆ.

ಕೇಳಬೇಕಾದ್ದು ಮೂರು. ಪಾಲಿಕೆಯ ಮುಂಗಡಪತ್ರದಲ್ಲಿ ಇಂಥ ಕೆಲಸಕ್ಕೆ ಹಣ ಯಾವ ಶೀರ್ಷಿಕೆಯಲ್ಲಿ ಕೂತಿರುತ್ತದೆ? ಅದನ್ನು ಕೇಳುವ ಸರಿಯಾದ ತಿಂಗಳು ಯಾವುದು? ಒಮ್ಮೆ ಸಿಕ್ಕ ಹಣ ಎರಡನೇ ವರ್ಷ ನಿಂತುಹೋಗದಂತೆ ಮಾಡುವುದು ಹೇಗೆ? ತಿಳಿದವರು ವೇದಿಕೆಯ ನಿಮ್ಮ ಹೆಸರಿನಡಿ ಇಲ್ಲೇ ವಿವರವಾಗಿ ಬರೆಯಿರಿ. ‘ಸರ್ಕಾರ ಏನೂ ಮಾಡುವುದಿಲ್ಲ’ ಎಂಬ ಮಾತಿಗೆ ಬೇರೆ ಜಾಗಗಳಿವೆ.

ಲೆಕ್ಕಶೀರ್ಷಿಕೆ

ಮೊದಲು ಗಾತ್ರ ನೋಡೋಣ. ಬೃಹನ್ಮುಂಬಯಿ ಪಾಲಿಕೆಯ 2025-26ರ ಅಂದಾಜು 74,427 ಕೋಟಿ ರೂಪಾಯಿ. ಅದರಲ್ಲಿ ಸುಮಾರು 43,000 ಕೋಟಿ, ಅಂದರೆ ನೂರಕ್ಕೆ 58 ಪಾಲು ಬಂಡವಾಳ ವೆಚ್ಚ: ರಸ್ತೆ, ಸೇತುವೆ, ಕರಾವಳಿ ರಸ್ತೆ, ಕೊಳಚೆ ನೀರಿನ ಶುದ್ಧೀಕರಣ ಘಟಕ. ಆರೋಗ್ಯಕ್ಕೆ ಸುಮಾರು 7,380 ಕೋಟಿ, ಶಿಕ್ಷಣಕ್ಕೆ ಸುಮಾರು 3,955 ಕೋಟಿ. ನೀವು ಪಟ್ಟಿ ಮಾಡಿದ ಸೇವೆಗಳು ಈ ಎರಡರಲ್ಲೂ ಪೂರ್ತಿ ಕೂರುವುದಿಲ್ಲ. ಅವು ನಿಯೋಜನೆ (ಯೋಜನಾ) ವಿಭಾಗದ ಮಹಿಳಾ ಮತ್ತು ಬಾಲ ಕಲ್ಯಾಣ, ದಿವ್ಯಾಂಗ ಕಲ್ಯಾಣದ ಸಾಲುಗಳಿಗೆ ಹೋಗುತ್ತವೆ.

ಕಾನೂನಿನ ಮಾತು. ಮುಂಬಯಿಗೆ 1888ರ ಪಾಲಿಕೆ ಕಾಯ್ದೆ. ಅದರ 61ನೇ ಕಲಮು ಪಾಲಿಕೆ ಮಾಡಲೇಬೇಕಾದ ಕೆಲಸಗಳದ್ದು, 63ನೇ ಕಲಮು ಮಾಡಬಹುದಾದ ಕೆಲಸಗಳದ್ದು. ಪುಣೆ, ಠಾಣೆ, ಪಿಂಪ್ರಿ-ಚಿಂಚವಡಕ್ಕೆ 1949ರ ಕಾಯ್ದೆ. ಅಲ್ಲಿ ಇವೇ ಎರಡು ಪಟ್ಟಿಗಳು 63 ಮತ್ತು 66ನೇ ಕಲಮುಗಳಲ್ಲಿವೆ. ಹಗಲು ಕೇಂದ್ರ, ಅಭ್ಯಾಸ ಕೊಠಡಿಗಳೆಲ್ಲ ಎರಡನೇ ಪಟ್ಟಿಗೆ ಸೇರಿದವು. ಆದಾಯ ಕುಗ್ಗಿದ ವರ್ಷ ಕತ್ತರಿ ಮೊದಲು ಬೀಳುವುದು ಅಲ್ಲೇ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೇ ಅನುಸೂಚಿಯಲ್ಲಿ ದುರ್ಬಲ ವರ್ಗಗಳ ಹಿತರಕ್ಷಣೆ, ನಗರ ಬಡತನ ನಿವಾರಣೆ ಎರಡೂ ಇವೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ. ಮುಂದೆ ಜಿಎಸ್‌ಟಿ ಪ್ರಶ್ನೆ ಬಂದಾಗಲೂ ಅದೇ ಸಾಲು ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. 2017ರ ಜುಲೈ 1ರಂದು ಆಕ್ಟ್ರಾಯ್, ಅಂದರೆ ನಗರದೊಳಗೆ ಬರುವ ಸರಕಿನ ಮೇಲಿನ ತೆರಿಗೆ, ಹೋಯಿತು. ಅಲ್ಲಿಯವರೆಗೆ ಮುಂಬಯಿಯ ವ್ಯಾಪಾರ ಬೆಳೆದಂತೆ ಪಾಲಿಕೆಯ ಕೈಗೆ ನೇರವಾಗಿ ಹಣ ಬರುತ್ತಿತ್ತು. ಈಗ ಬರುವುದು ರಾಜ್ಯದ ಪರಿಹಾರ; 2016-17ರ ಆಧಾರದ ಮೇಲೆ ವರ್ಷಕ್ಕೆ ನೂರಕ್ಕೆ 8ರಂತೆ ಏರುತ್ತದೆ, ಅಷ್ಟೇ. 2022ರಿಂದ 500 ಚದರಡಿಯವರೆಗಿನ ಮನೆಗಳಿಗೆ ಆಸ್ತಿ ತೆರಿಗೆಯೂ ಇಲ್ಲ. ಕಟ್ಟಡ ಪರವಾನಗಿಯ ಶುಲ್ಕ, ಹೆಚ್ಚುವರಿ ನಿರ್ಮಾಣಕ್ಕೆ ಬಿಲ್ಡರ್‌ಗಳು ಕಟ್ಟುವ ಪ್ರೀಮಿಯಂ ಹಣ ಬರುತ್ತದಾದರೂ ಅದು ಮಾರುಕಟ್ಟೆ ಏರಿದಾಗ ಏರಿ ಇಳಿದಾಗ ಇಳಿಯುವ ಹಣ. ಒಮ್ಮೆ ಕಟ್ಟಿ ಮುಗಿಸುವ ಕಾಮಗಾರಿಗೆ ಒಪ್ಪಲು ಅಧಿಕಾರಿಗೆ ಭಯವಿಲ್ಲ, ಪ್ರತಿ ತಿಂಗಳು ಸಂಬಳ ಕೊಡಬೇಕಾದ ಕೆಲಸಕ್ಕೆ ಕೈ ನಡುಗುತ್ತದೆ. ನಮ್ಮ ಅರ್ಜಿಗಳು ಬಿದ್ದುಹೋಗುವ ಮೂಲ ಕಾರಣ ಇದು ಅಂತ ನನ್ನ ಖಚಿತ ಅಭಿಪ್ರಾಯ.

ಕೋತ್ರೂಡ್ ಕಟ್ಟೆ

ಪುಣೆಯ ಕಡೆಯಿಂದ. ಇಲ್ಲಿ ‘ಸಮಾಜ ವಿಕಾಸ ವಿಭಾಗ’ ಅಂತ ಪ್ರತ್ಯೇಕ ವಿಭಾಗವೇ ಇದೆ, ಹಾಗಾಗಿ ಬಾಗಿಲು ಹುಡುಕುವ ಕಷ್ಟ ಕಡಿಮೆ. ರಾಜ್ಯದ ಆದೇಶಗಳ ಪ್ರಕಾರ ಸ್ಥಳೀಯ ಸಂಸ್ಥೆಗಳು ಸ್ವಂತ ಆದಾಯದ ನೂರಕ್ಕೆ 5ನ್ನು ಮಹಿಳಾ ಮತ್ತು ಬಾಲ ಕಲ್ಯಾಣಕ್ಕೆ, ಇನ್ನೊಂದು 5ನ್ನು ದಿವ್ಯಾಂಗರಿಗೆ ತೆಗೆದಿಡಬೇಕು. ದಿವ್ಯಾಂಗರ ಪಾಲು ಮೊದಲು 3 ಇದ್ದದ್ದು 2016ರ ಹಕ್ಕುಗಳ ಕಾಯ್ದೆಯ ನಂತರ 5 ಆಯಿತು. ಇಲ್ಲಿ ತೊಡಕಿರುವುದು ಖರ್ಚಿನ ರೀತಿಯಲ್ಲಿ. ವರ್ಷದ ಕೊನೆಗೆ ಬೇಗ ಮುಗಿಯುವ ದಾರಿ ಎಂದರೆ ವಸ್ತು ಹಂಚುವುದು. ಮುಂಬಯಿಯಲ್ಲಿ ಹೊಲಿಗೆ ಯಂತ್ರ, ಮನೆ ಗಿರಣಿ, ಮಸಾಲೆ ಕುಟ್ಟುವ ಯಂತ್ರ ಹಂಚಿದ್ದೂ ಇದೇ ಬಗೆಯ ಖರ್ಚು. ಒಂದು ಯಂತ್ರ, ಒಂದು ರಸೀದಿ, ಕಡತ ಮುಗಿಯಿತು. ಹಗಲು ಕೇಂದ್ರ ನಡೆಸುವ ಕಡತ ಹಾಗೆ ಮುಗಿಯುವುದಿಲ್ಲ.

ಪುಣೆಯಲ್ಲಿ 2006ರಿಂದ ನಾಗರಿಕರೇ ಕೆಲಸ ಸೂಚಿಸುವ ಸಹಭಾಗಿ ಮುಂಗಡಪತ್ರ ಇದೆ. ಮಳೆಗಾಲದ ಕೊನೆಯಲ್ಲಿ ಅರ್ಜಿ ಕರೆಯುತ್ತಾರೆ, ಒಂದು ಕೆಲಸಕ್ಕೆ 5 ಲಕ್ಷದ ಮಿತಿ. ಅಲ್ಲಿ ‘ಹಗಲು ಕೇಂದ್ರ ನಡೆಸಲು ಸಂಬಳ’ ಅಂತ ಬರೆದರೆ ತಿರಸ್ಕಾರ ಖಂಡಿತ, ಏಕೆಂದರೆ ಅದರ ಚೌಕಟ್ಟು ಕಾಮಗಾರಿಯದು. ಆದರೆ ಇಳಿಜಾರು ದಾರಿ, ಹಿಡಿಕಂಬಿ ಇರುವ ಶೌಚಾಲಯ, ಅಡುಗೆ ಕಟ್ಟೆ, ಬೆಂಚು ಇವನ್ನೆಲ್ಲ ಅದರಲ್ಲಿ ಹಾಕಬಹುದು. ಕಟ್ಟಡದ ಖರ್ಚು ಅಲ್ಲಿಂದ, ನಡೆಸುವ ಖರ್ಚು ಸಮಾಜ ವಿಕಾಸದಿಂದ ಅಂತ ಎರಡು ಅರ್ಜಿ ಬೇರೆಬೇರೆ ಮಾಡಿ. ಒಂದರಲ್ಲೇ ಬೆರೆಸಿದರೆ ಎರಡೂ ವಿಭಾಗಗಳು ‘ನಮ್ಮದಲ್ಲ’ ಅನ್ನುತ್ತವೆ.

ಧಾರಾವಿ ಟಿ ಜಂಕ್ಷನ್

ಅರ್ಜಿಗೆ ಮುಂಚೆ ಬೇಡಿಕೆಯ ಲೆಕ್ಕ ಬೇಕು. ಬಹುತೇಕ ಸಂಘಗಳು ತರುವ ದಾಖಲೆ ಹಾಜರಿ ಪುಸ್ತಕ. ಅದು ಬಂದವರನ್ನು ಮಾತ್ರ ಹೇಳುತ್ತದೆ, ಜಾಗವಿಲ್ಲದೆ ತಿರುಗಿ ಹೋದವರನ್ನಲ್ಲ. ಇಪ್ಪತ್ತು ಕುರ್ಚಿ ಇದ್ದರೆ ಹಾಜರಿ ಯಾವತ್ತೂ ಇಪ್ಪತ್ತೇ. ಅಧಿಕಾರಿ ಅದನ್ನು ನೋಡಿ ‘ಬೇಡಿಕೆ ಸ್ಥಿರವಾಗಿದೆ’ ಅಂತ ಷರಾ ಬರೆದರೆ ಅವರದು ತಪ್ಪಲ್ಲ.

ಬಾಗಿಲಲ್ಲಿ ಇನ್ನೊಂದು ಪುಸ್ತಕ ಇಡಿ, ತಿರುಗಿ ಹೋದವರದು. ದಿನಾಂಕ, ಹೊತ್ತು, ಕೇಳಿದ ಸೇವೆ, ವಯೋಮಾನ, ಪಿನ್‌ಕೋಡು, ಕೊಡಲಾಗದ್ದಕ್ಕೆ ಕಾರಣ, ಬೇರೆಲ್ಲಿಗೆ ಕಳಿಸಿದಿರಿ. ಏಳು ಕಾಲಂ ಸಾಕು. ಹೆಸರು ಬೇಡ, ಆಧಾರ್ ಸಂಖ್ಯೆಯಂತೂ ಬೇಡವೇ ಬೇಡ. ಕಾರಣದ ಕಾಲಂನಲ್ಲಿ ಜಾಗವಿಲ್ಲ, ಸಿಬ್ಬಂದಿ ಇಲ್ಲ, ದಾಖಲೆ ಇಲ್ಲ, ನಮ್ಮ ಸೇವೆಯಲ್ಲ ಎಂಬ ನಾಲ್ಕನ್ನೇ ಇಟ್ಟರೆ ಒಟ್ಟುಗೂಡಿಸುವುದು ಸುಲಭ. ‘ದಾಖಲೆ ಇಲ್ಲ’ ಹೆಚ್ಚಿದ್ದರೆ ಹಣ ಕೇಳುವ ಮೊದಲು ನಿಮ್ಮ ನಿಯಮವನ್ನೇ ತಿದ್ದಬೇಕು. ‘ಜಾಗವಿಲ್ಲ’ ಹೆಚ್ಚಿದ್ದರೆ ಹೊಸ ಸಿಬ್ಬಂದಿ ಕೇಳಿ ಪ್ರಯೋಜನವಿಲ್ಲ.

ತಲೆ ಎಣಿಕೆ ಮತ್ತು ಹಾಜರಿ ಎಣಿಕೆಯನ್ನು ಬೆರೆಸಬೇಡಿ. ತಿಂಗಳಿಗೆ 1,040 ಊಟ ಅಂದರೆ 40 ಜನ 26 ದಿನ ಬಂದಿರಬಹುದು, ಅಥವಾ 300 ಜನ ಮೂರು ನಾಲ್ಕು ದಿನ ಬಂದಿರಬಹುದು. ಮೊದಲನೆಯದು ಹಗಲು ಆರೈಕೆ, ಎರಡನೆಯದು ತುರ್ತು ಹಸಿವು. ಇವೆರಡಕ್ಕೂ ಪಾಲಿಕೆಯಲ್ಲಿ ಬೇರೆ ಬೇರೆ ಕಡತ.

ಸಿಎ ಮುಲುಂಡ್

ತಲಾ ವೆಚ್ಚದ ಲೆಕ್ಕಕ್ಕೆ ಒಂದು ಮಾದರಿ ಕೊಡುತ್ತೇನೆ. ಅಂಕಿಗಳು ಉದಾಹರಣೆಗೆ, ನಿಮ್ಮ ಊರಿನ ಕನಿಷ್ಠ ವೇತನ ನೋಡಿ ಬದಲಿಸಿಕೊಳ್ಳಿ.

40 ಹಿರಿಯರ ಹಗಲು ಕೇಂದ್ರ, ತಿಂಗಳಿಗೆ 26 ದಿನ, ಮಧ್ಯಾಹ್ನದ ಊಟ ಸಹಿತ. ಸಂಯೋಜಕರಿಗೆ 25,000, ಇಬ್ಬರು ಆರೈಕೆಯವರಿಗೆ ತಲಾ 18,000, ಅರೆಕಾಲಿಕ ನರ್ಸ್ 12,000, ಸ್ವಚ್ಛತೆ 12,000. ಒಟ್ಟು 85,000. ಇದರ ಮೇಲೆ ಮಾಲೀಕರ ಪಾಲು: ಭವಿಷ್ಯ ನಿಧಿಗೆ ಆಡಳಿತ ಶುಲ್ಕ ಮತ್ತು ವಿಮೆ ಸೇರಿ 13, ಇಎಸ್‌ಐ (ನೌಕರರ ಆರೋಗ್ಯ ವಿಮೆ) 3.25, ಗ್ರಾಚ್ಯುಟಿಗೆ 4.81, ಸುಮಾರು ನೂರಕ್ಕೆ 21, ಅಂದರೆ 17,850. ಇಎಸ್‌ಐ 21,000 ರೂಪಾಯಿ ಸಂಬಳದವರೆಗೆ ಮಾತ್ರ, ಆದ್ದರಿಂದ ಸ್ವಲ್ಪ ಕಡಿಮೆಯಾಗುತ್ತದೆ. ಅಂದಾಜಿಗೆ ಹಾಗೇ ಬಿಡಿ. ಊಟ 40 ಜನ, 26 ದಿನ, 60 ರೂಪಾಯಿಯಂತೆ 62,400. ಬಾಡಿಗೆ, ವಿದ್ಯುತ್, ಔಷಧ ಪೆಟ್ಟಿಗೆ, ಲೆಕ್ಕಪರಿಶೋಧನೆಗೆ 30,000. ಅನಿರೀಕ್ಷಿತಕ್ಕೆ 9,750. ಎಲ್ಲ ಕೂಡಿ ತಿಂಗಳಿಗೆ 2,05,000. ತಲಾ 5,125.

ಈಗ ಅಪಾಯ ಎಲ್ಲಿದೆ ನೋಡಿ. ಪಾಲಿಕೆಯ ಕರಾರು ‘ಬಂದವರ ತಲೆಗೆ 5,125’ ಅಂತ ಇದ್ದು, ಮಳೆಗಾಲದಲ್ಲಿ ದಿನದ ಸರಾಸರಿ 28ಕ್ಕೆ ಇಳಿಯಿತು ಎನ್ನಿ. ನಿಮಗೆ ಬರುವುದು 1,43,500. ಖರ್ಚಿನಲ್ಲಿ ಊಟ ಮಾತ್ರ 43,680ಕ್ಕೆ ಇಳಿಯುತ್ತದೆ. ಸಂಬಳ, ಬಾಡಿಗೆ ಇಳಿಯುವುದಿಲ್ಲ. ಒಟ್ಟು 1,86,280. ಒಂದೇ ತಿಂಗಳಲ್ಲಿ 42,780 ಕೊರತೆ! ಹೀಗೆ ಮೂರು ತಿಂಗಳಾದರೆ ಸಂಬಳ ನಿಲ್ಲುತ್ತದೆ, ಆರೈಕೆಯವರು ಬಿಟ್ಟು ಹೋಗುತ್ತಾರೆ, ಮಳೆ ನಿಂತು ಜನ ಮರಳಿದಾಗ ನೋಡಿಕೊಳ್ಳುವವರಿರುವುದಿಲ್ಲ.

ಆದ್ದರಿಂದ ಕರಾರನ್ನು ಎರಡು ಭಾಗ ಮಾಡಿಸಿ: ಸಂಬಳ, ಜಾಗ, ಅನಿರೀಕ್ಷಿತಕ್ಕೆ ತಿಂಗಳಿಗೆ ಇಷ್ಟು ಅಂತ ಸ್ಥಿರ ಮೊತ್ತ, ಊಟಕ್ಕೆ ಮಾತ್ರ ತಲೆ ಲೆಕ್ಕ. ಮೇಲಿನ ಉದಾಹರಣೆಯಲ್ಲಿ ಸ್ಥಿರ ಭಾಗ 1,42,600, ಬದಲಾಗುವ ಭಾಗ ದಿನಕ್ಕೆ ತಲಾ 60.

ಡೊಂಬಿವಲಿ ಫಾಸ್ಟ್ ಲೋಕಲ್

ಮುಲುಂಡ್‌ನವರ ಲೆಕ್ಕದಲ್ಲಿ ಬೋನಸ್ ಇಲ್ಲ. ನೂರಕ್ಕೆ 8.33 ಸೇರಿಸಬೇಡವೇ?

ಸಿಎ ಮುಲುಂಡ್

ಲಾಭದ ಉದ್ದೇಶವಿಲ್ಲದ ಸಮಾಜ ಕಲ್ಯಾಣ ಸಂಸ್ಥೆಗಳಿಗೆ ಬೋನಸ್ ಕಾನೂನು ಅನ್ವಯಿಸುವುದಿಲ್ಲ, ಹಾಗಾಗಿ ಕಡ್ಡಾಯ ಖರ್ಚಿನಲ್ಲಿ ಹಾಕಿಲ್ಲ. ಆದರೂ ದೀಪಾವಳಿಗೆ ಏನೂ ಕೊಡದ ಕಡೆ ಕೆಲಸಗಾರರು ನಿಲ್ಲುವುದಿಲ್ಲ. ಒಂದು ತಿಂಗಳ ಸಂಬಳವನ್ನು ‘ಹಬ್ಬದ ಭತ್ಯೆ’ ಅಂತ ಪ್ರತ್ಯೇಕ ಸಾಲಿನಲ್ಲಿ ಕೇಳಿ. ಗ್ರಾಚ್ಯುಟಿಯನ್ನಂತೂ ಬಿಡಲೇಬೇಡಿ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆ. ‘ಐದು ವರ್ಷ ಆಗಲಿ ನೋಡೋಣ’ ಎಂಬ ಹಳೆಯ ಅಂದಾಜಿನ ಮೇಲೆ ಕರಾರು ಮಾಡಿಕೊಂಡವರಿಗೆ ಯೋಜನೆ ಮುಗಿಯುವ ದಿನ ದೊಡ್ಡ ಬಿಲ್ಲು ಬರುತ್ತದೆ.

ಮಹಾರಾಷ್ಟ್ರದಲ್ಲಿ ಕನಿಷ್ಠ ವೇತನದ ವಿಶೇಷ ಭತ್ಯೆ ಜನವರಿ ಮತ್ತು ಜುಲೈನಲ್ಲಿ ಬದಲಾಗುತ್ತದೆ. ಮೂರು ವರ್ಷದ ಕರಾರಿನಲ್ಲಿ ಏರಿಕೆಯ ಷರತ್ತಿಲ್ಲದಿದ್ದರೆ ಎರಡನೇ ವರ್ಷಕ್ಕೆ ನೀವು ಕಾನೂನು ಮೀರಿ ಕಡಿಮೆ ಸಂಬಳ ಕೊಡುವ ಸ್ಥಿತಿಗೆ ಬರುತ್ತೀರಿ.

ವಡಾಲಾ ರಾತ್ರಿಪಾಳಿ

ಮನೆಯಿಲ್ಲದವರ ರಾತ್ರಿ ಆಸರೆಗೆ ಸಿಬ್ಬಂದಿ ಲೆಕ್ಕ ಬೇರೆಯೇ. ದಿನಕ್ಕೆ ಮೂರು ಪಾಳಿ, ವಾರಕ್ಕೆ 21 ಪಾಳಿ. ಒಬ್ಬರು ವಾರಕ್ಕೆ ಆರು ಪಾಳಿ ಮಾಡುತ್ತಾರೆ. ಅಂದರೆ ಒಂದು ಕುರ್ಚಿ ಯಾವ ಹೊತ್ತಿಗೂ ಖಾಲಿ ಇರಬಾರದು ಎಂದರೆ ಮೂವರಲ್ಲ, ಮೂರೂವರೆ ಜನ ಬೇಕು; ರಜೆ, ಕಾಯಿಲೆ ಸೇರಿಸಿದರೆ ನಾಲ್ವರು. ಅರ್ಜಿಯಲ್ಲಿ ‘ಮೂರು ಪಾಳಿಗೆ ಮೂವರು’ ಅಂತ ಬರೆದ ಕಡೆಯೆಲ್ಲ ಭಾನುವಾರ ರಾತ್ರಿ ಬೀಗ ಬೀಳುತ್ತದೆ.

ಬೇಡಿಕೆಯ ಅಳತೆಗೆ ಇಲ್ಲಿ ಸುಪ್ರೀಂ ಕೋರ್ಟಿನ ಆಧಾರವೇ ಇದೆ. ಒಂದು ಲಕ್ಷ ಜನಸಂಖ್ಯೆಗೆ ಒಂದು, ವರ್ಷವಿಡೀ 24 ಗಂಟೆ ತೆರೆದಿರುವ ಆಸರೆ. 2011ರ ಜನಗಣತಿಯಲ್ಲಿ ಬೃಹನ್ಮುಂಬಯಿಯ ಜನಸಂಖ್ಯೆ 1.24 ಕೋಟಿ, ಅಂದರೆ 124 ಆಸರೆ ಬೇಕು. ಅದೇ ಜನಗಣತಿ ಮನೆಯಿಲ್ಲದವರು 57,000ಕ್ಕೂ ಹೆಚ್ಚು ಎಂದು ಎಣಿಸಿತ್ತು. ಇರುವ ಆಸರೆಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಕೇಂದ್ರದ ನಗರ ಜೀವನೋಪಾಯ ಮಿಷನ್ ಮೂಲಕ ನಡೆಸುವ ಖರ್ಚಿಗೂ ಹಣ ಬರುತ್ತಿತ್ತು, ಆದರೆ ಆ ಮಿಷನ್ನಿನ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಕೇಂದ್ರದ ಯೋಜನೆ ಮುಗಿದ ದಿನ ಹಾಸಿಗೆಯ ಮೇಲೆ ಮಲಗಿದವರು ಮಾಯವಾಗುವುದಿಲ್ಲವಲ್ಲ! ಆ ಸಾಲನ್ನು ಪಾಲಿಕೆ ತನ್ನ ರಾಜಸ್ವ ವೆಚ್ಚದೊಳಗೆ (ವರ್ಷವರ್ಷದ ನಡೆಸುವ ಖರ್ಚಿನೊಳಗೆ) ತೆಗೆದುಕೊಳ್ಳಬೇಕು ಅಂತ ಕೇಳುವುದು ಈಗಿನ ತುರ್ತು.

ಅಂಧೇರಿ ಎಂಐಡಿಸಿ

ಇಷ್ಟೆಲ್ಲ ಕಾಯುವ ಬದಲು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಹಿಡಿಯಬಾರದೇಕೆ? ನಿಗದಿತ ಗಾತ್ರ ಮೀರಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ 2 ಖರ್ಚು ಮಾಡಲೇಬೇಕೆಂಬುದು 2013ರ ಕಂಪನಿ ಕಾಯ್ದೆ. ಮುಂಬಯಿ, ಪುಣೆಯಲ್ಲಿ ಕಂಪನಿಗಳಿಗೇನು ಬರವೇ? ಬೇಕಾದ ಕಾಗದಗಳು: ಆದಾಯ ತೆರಿಗೆ ವಿನಾಯಿತಿಯ ನೋಂದಣಿ (12ಎ, 80ಜಿ ಎನ್ನುವುದು), ಮೂರು ವರ್ಷದ ಅನುಭವ, 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿ, ಚಾರಿಟಿ ಕಮಿಷನರ್ ಕಚೇರಿಯಲ್ಲಿ ವಿಶ್ವಸ್ತರ ಬದಲಾವಣೆ ವರದಿ ಬಾಕಿ ಇಲ್ಲದಿರುವುದು. ಈ ಕೊನೆಯದರಲ್ಲೇ ನಮ್ಮ ಸಂಘಗಳು ಸಿಕ್ಕಿಬೀಳುತ್ತವೆ. ಚುನಾವಣೆ ಮುಗಿದು ಹೊಸ ಕಾರ್ಯಕಾರಿ ಸಮಿತಿ ಬಂದ 90 ದಿನದೊಳಗೆ ಬದಲಾವಣೆ ವರದಿ ಕೊಡಬೇಕು; ಕೊಡದೆ ಎರಡು ಮೂರು ಅವಧಿ ಕಳೆದಿದ್ದರೆ ಈಗಿನ ಅಧ್ಯಕ್ಷರ ಸಹಿಗೆ ಕಂಪನಿಯ ವಕೀಲರು ಒಪ್ಪುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ‘ಸಿಎಸ್‌ಆರ್‌ನಲ್ಲಿ ಸಂಬಳಕ್ಕೆ ನೂರಕ್ಕೆ 5 ಮಾತ್ರ’. ಆ 5ರ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತ ಖರ್ಚಿಗೆ. ಯೋಜನೆಯಲ್ಲಿ ನೇರವಾಗಿ ದುಡಿಯುವ ಆರೈಕೆಯವರು, ನರ್ಸ್ ಇವರ ಸಂಬಳ ಅದರೊಳಗೆ ಬರುವುದಿಲ್ಲ. ಕಂಪನಿಯ ಕಡೆಯವರೇ ಹೀಗೆ ಹೇಳಿದರೂ ನಯವಾಗಿ ನಿಯಮ ತೋರಿಸಿ.

ಲೆಕ್ಕಶೀರ್ಷಿಕೆ

ಸಿಎಸ್‌ಆರ್ ಬೇಡ ಅನ್ನುವುದಿಲ್ಲ, ಅದನ್ನು ತಳಪಾಯ ಮಾಡಬೇಡಿ ಅನ್ನುತ್ತೇನೆ. ನಿಯಮದಲ್ಲೇ ‘ನಡೆಯುತ್ತಿರುವ ಯೋಜನೆ’ ಎಂದರೆ ಶುರುವಾದ ವರ್ಷ ಬಿಟ್ಟು ಮೂರು ವರ್ಷ. ನಾಲ್ಕನೇ ವರ್ಷದ ನಂತರ ಹೊಸ ಒಪ್ಪಿಗೆ, ಹೊಸ ಮಂಡಳಿ, ಹೊಸ ಒಲವು. ಲಾಭ ಬಿದ್ದರೆ ಮೊತ್ತವೂ ಬೀಳುತ್ತದೆ, ಮತ್ತು ಲಾಭ ಬೀಳುವ ವರ್ಷವೇ ಕೂಲಿ ಕುಟುಂಬಗಳ ಬೇಡಿಕೆ ಏರುವ ವರ್ಷ. ಇದಕ್ಕೆ ಒಪ್ಪುವ ಖರ್ಚು ಎಂದರೆ ಆರಂಭದ ಸಾಮಾನು, ತರಬೇತಿ, ಮೊದಲ ವರ್ಷದ ದಾಖಲೆ ವ್ಯವಸ್ಥೆ. ಆ ಒಂದು ವರ್ಷದ ತಲಾ ವೆಚ್ಚ, ತಿರುಗಿ ಹೋದವರ ಪುಸ್ತಕ ಹಿಡಿದು ಪಾಲಿಕೆಗೆ ಹೋಗಿ.

ಸಿಎಸ್‌ಆರ್ ಕರಾರಿಗೆ ಸಹಿ ಹಾಕುವ ದಿನವೇ ‘ಮುಗಿದ ಮೇಲೆ ಯಾರು’ ಎಂಬ ಸಾಲನ್ನು ಬರೆಸಿ. ಬರೆಯಲು ಉತ್ತರವಿಲ್ಲದಿದ್ದರೆ ನಲವತ್ತು ಹಿರಿಯರನ್ನು ಅದರ ಮೇಲೆ ಕೂರಿಸುವುದು ಸರಿಯಲ್ಲ.

ಹಿಂಜವಡಿ ಸೈಟ್

ಕಟ್ಟಡ ಕಾರ್ಮಿಕರ ಬಗ್ಗೆ ಯಾರೂ ಬರೆದಿಲ್ಲ. ಪುಣೆಯ ಪಶ್ಚಿಮದಲ್ಲಿ ಕನ್ನಡ ಮಾತಾಡುವ ಕುಟುಂಬಗಳು ಹೆಚ್ಚಾಗಿ ಈ ಕೆಲಸದಲ್ಲೇ ಇವೆ, ವಿಜಯಪುರ, ಕಲಬುರಗಿ, ರಾಯಚೂರು ಕಡೆಯವರು. ಇವರಿಗಾಗಿ ಬೇರೆಯದೇ ಹಣವಿದೆ. ನಿರ್ಮಾಣ ವೆಚ್ಚದ ಮೇಲೆ ನೂರಕ್ಕೆ 1ರ ಸೆಸ್ ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ನೋಂದಣಿಗೆ ವಯಸ್ಸು 18ರಿಂದ 60, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರಮಾಣಪತ್ರ. ಸಿಕ್ಕಿಬೀಳುವುದು ಈ ಪ್ರಮಾಣಪತ್ರದಲ್ಲಿ. ಕುಟುಂಬ ಎರಡು ಮೂರು ಗುತ್ತಿಗೆದಾರರ ಕೈಕೆಳಗೆ ದುಡಿದಿರುತ್ತದೆ, ಯಾರೊಬ್ಬರೂ 90 ದಿನ ಬರೆದುಕೊಡುವುದಿಲ್ಲ. ಪ್ರತಿ ಸೈಟ್ ಬಿಡುವಾಗಲೇ ಅಲ್ಲಿಯ ದಿನಗಳಿಗೆ ಬರೆಸಿಕೊಳ್ಳುವ ಅಭ್ಯಾಸ ಮಾಡಿಸಿ. ಕೊನೆಗೆ ಒಟ್ಟು ಹಾಕಬಹುದು.

50ಕ್ಕಿಂತ ಹೆಚ್ಚು ಮಹಿಳೆಯರಿರುವ ಸೈಟಿನಲ್ಲಿ ಮಕ್ಕಳ ಕೊಠಡಿ ನಡೆಸುವುದು ಮಾಲೀಕರ ಕರ್ತವ್ಯ ಅಂತ 1996ರ ಕಾಯ್ದೆಯಲ್ಲೇ ಇತ್ತು. ಆ ಖರ್ಚನ್ನು ಸಂಘದ ದೇಣಿಗೆಯಿಂದ ಹೊರುವ ಮೊದಲು ಬಿಲ್ಡರ್‌ನಿಂದ ಕೇಳಿ. ಪಡಿತರಕ್ಕೂ ಇದೇ ಮಾತು: ಕರ್ನಾಟಕದ ಕಾರ್ಡಿನ ಆಹಾರಧಾನ್ಯವನ್ನು ‘ಒಂದು ದೇಶ ಒಂದು ಪಡಿತರ ಚೀಟಿ’ಯಡಿ ಇಲ್ಲಿಯ ಅಂಗಡಿಯಲ್ಲಿ ತೆಗೆದುಕೊಳ್ಳಬಹುದು, ಊರಿನಲ್ಲಿ ಉಳಿದವರಿಗೂ ಪಾಲು ಬಿಟ್ಟು. ಬೆರಳಚ್ಚು ಹೊಂದದಿದ್ದರೆ ಮೊದಲು ಆಧಾರ್ ಸರಿಪಡಿಸಿ. ಇಂಥ ಹಕ್ಕಿನ ಹಣ ತೆಗೆಸಿಕೊಟ್ಟಷ್ಟೂ ನಿಮ್ಮ ಊಟದ ಸಾಲು ಚಿಕ್ಕದಾಗುತ್ತದೆ.

ವಾಸ್ಕೋ ಬಂದರು

ಗೋವಾದಲ್ಲಿ ಪುರಸಭೆಗಳು ಸಣ್ಣವು, ಸಮಾಜ ಸೇವೆಯ ಹಣ ಹೆಚ್ಚಾಗಿ ರಾಜ್ಯದ್ದು. ಹಿರಿಯರು, ದಿವ್ಯಾಂಗರು ಮೊದಲಾದವರಿಗೆ ತಿಂಗಳ ನೆರವು ಕೊಡುವ ದಯಾನಂದ ಸಾಮಾಜಿಕ ಸುರಕ್ಷಾ ಯೋಜನೆಗೆ 15 ವರ್ಷದ ವಾಸ್ತವ್ಯ ಬೇಕು. ಬೈನಾ, ಝುವಾರಿನಗರದ ಕನ್ನಡ ಕುಟುಂಬಗಳು ಅಷ್ಟು ವರ್ಷ ಇದ್ದರೂ ತೋರಿಸುವ ಕಾಗದ ಸಿಗುವುದಿಲ್ಲ. ಮಗುವಿನ ಶಾಲೆಯ ದಾಖಲಾತಿ, ಲಸಿಕೆ ಕಾರ್ಡು, ವಿದ್ಯುತ್ ಬಿಲ್ಲು, ಮತದಾರರ ಪಟ್ಟಿ ಇವನ್ನು ವರ್ಷವಾರು ಜೋಡಿಸಿ ಕಡತ ಮಾಡಿಕೊಡುವುದಕ್ಕೇ ಒಬ್ಬ ಕಾರ್ಯಕರ್ತರು ಬೇಕು. ಇಲ್ಲಿ ಹಣ ಕೇಳುವುದಾದರೆ ಆ ಒಬ್ಬರ ಸಂಬಳಕ್ಕೆ ಕೇಳಿ.

ಪರೇಲ್ ಆಸ್ಪತ್ರೆ ನೆರವು

ಆಸ್ಪತ್ರೆ ನೆರವಿಗೂ ಅದೇ ಮಾತು ಸಲ್ಲುತ್ತದೆ. ಮಹಾರಾಷ್ಟ್ರದ ಧರ್ಮಾದಾಯ (ಟ್ರಸ್ಟ್ ನಡೆಸುವ) ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನೊಂದು 10 ದುರ್ಬಲ ವರ್ಗಕ್ಕೆ ರಿಯಾಯಿತಿಯಲ್ಲಿ ಕೊಡಬೇಕು. ಬಾಂಬೆ ಹೈಕೋರ್ಟ್ ಒಪ್ಪಿದ 2006ರ ಯೋಜನೆ ಅದು. ಬಿಲ್ಲಿನ ನೂರಕ್ಕೆ 2 ಬಡ ರೋಗಿಗಳ ನಿಧಿಗೆ ಹೋಗುತ್ತದೆ. ಆದಾಯ ಮಿತಿ ಉಚಿತಕ್ಕೆ 1.80 ಲಕ್ಷ, ರಿಯಾಯಿತಿಗೆ 3.60 ಲಕ್ಷ. ರೋಗಿ ದಾಖಲಾದ ದಿನವೇ ಆಸ್ಪತ್ರೆಯ ಸಮಾಜ ಸೇವಕರಿಗೆ ತಹಶೀಲ್ದಾರರ ಆದಾಯ ಪ್ರಮಾಣಪತ್ರ ಅಥವಾ ಪಡಿತರ ಚೀಟಿ ಕೊಡಬೇಕು. ಬಿಡುಗಡೆಯ ದಿನ ಕೊಟ್ಟರೆ ‘ಬಿಲ್ಲು ಆಗಿಹೋಗಿದೆ’ ಎಂಬ ಉತ್ತರ ಸಿದ್ಧವಿರುತ್ತದೆ.

ಘಾಟ್ಕೋಪರ್ ಎನ್ ವಾರ್ಡ್

ಜಾಗದ ಬಗ್ಗೆ ಒಂದು ಮಾತು, ಯಾಕೆಂದರೆ ಬಾಡಿಗೆಯ ಸಾಲನ್ನೇ ಅಳಿಸಬಹುದು. ಝೋಪಡಪಟ್ಟಿ (ಕೊಳೆಗೇರಿ) ಪುನರ್ವಸತಿ ಕಟ್ಟಡಗಳಲ್ಲಿ ಬಾಲವಾಡಿ, ಕಲ್ಯಾಣ ಕೇಂದ್ರಕ್ಕೆ ಕೊಠಡಿ ಕಟ್ಟಿಸುವುದು ನಿಯಮ. ಬಹಳ ಕಡೆ ಅವು ಬೀಗ ಹಾಕಿಕೊಂಡಿವೆ, ಇಲ್ಲವೇ ಸೊಸೈಟಿಯ ಸಾಮಾನು ತುಂಬಿಕೊಂಡಿವೆ. ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ, ಕೊಠಡಿ ಎಲ್ಲಿದೆ ಅಂತ ಗುರುತು ಹಾಕಿ, ಸೊಸೈಟಿಯ ಸರ್ವಸಾಧಾರಣ ಸಭೆಯ ಠರಾವು ಪಡೆಯಿರಿ. ಮುಂಬಯಿ ಪಾಲಿಕೆಯ ಶಾಲೆಗಳು ಎಂಟು ಮಾಧ್ಯಮಗಳಲ್ಲಿವೆ, ಕನ್ನಡವೂ ಒಂದು. ಸಂಜೆ ಖಾಲಿ ಇರುವ ಆ ಕೊಠಡಿಗಳಲ್ಲಿ ಅಭ್ಯಾಸ ತರಗತಿ ನಡೆಸಲು ಶಿಕ್ಷಣ ವಿಭಾಗಕ್ಕೆ ಬರೆದರೆ ಜಾಗಕ್ಕೆ ಪ್ರತ್ಯೇಕ ಮುಂಗಡಪತ್ರವೇ ಬೇಡ. ಕಾವಲುಗಾರರ ಹೆಚ್ಚುವರಿ ಪಾಳಿ ಮತ್ತು ವಿದ್ಯುತ್ ಯಾರ ಲೆಕ್ಕ ಎಂಬುದನ್ನು ಪತ್ರದಲ್ಲೇ ಬರೆಯಿರಿ. ಅದನ್ನು ಬಿಟ್ಟ ಪತ್ರಗಳು ಅಲ್ಲೇ ಕೊಳೆಯುತ್ತವೆ.

ಔಂಧ್ ರಸ್ತೆ

ಶುಲ್ಕ ಹಾಕುವ ದಾರಿಯನ್ನೂ ನೋಡಬಾರದೇ? ಪುಣೆಯಲ್ಲಿ ಕಸ ಆಯುವವರದೇ ಸಹಕಾರಿ ಸಂಸ್ಥೆ ‘ಸ್ವಚ್ಛ’ 2008ರಿಂದ ಪಾಲಿಕೆಯ ಕರಾರಿನ ಮೇಲೆ ಮನೆಮನೆಯಿಂದ ಶುಲ್ಕ ಪಡೆದು ನಡೆಯುತ್ತಿದೆ.

ಕೋತ್ರೂಡ್ ಕಟ್ಟೆ

ಅದು ನಿಂತದ್ದು ಪ್ರತಿ ಮನೆಗೂ ಪ್ರತಿದಿನ ಬೇಕಾದ ಸೇವೆ ಎಂಬ ಕಾರಣಕ್ಕೆ, ಮತ್ತು ನಿರ್ವಹಣೆಯ ಒಂದು ಭಾಗವನ್ನು ಪಾಲಿಕೆ ಹೊತ್ತಿದ್ದಕ್ಕೆ. ಹಗಲು ಕೇಂದ್ರದಲ್ಲಿ ಕೊಡಬಲ್ಲವರಿಂದ ಊಟದ 60ನ್ನು ಪಡೆಯಬಹುದು, ಒಪ್ಪುತ್ತೇನೆ. ಆದರೆ ಶುಲ್ಕ ಕೊಟ್ಟವರು ಯಾರು, ಕೊಡದವರು ಯಾರು ಎಂಬುದು ಊಟದ ಸಾಲಿನಲ್ಲಿ ಕಾಣಬಾರದು. ತಿಂಗಳ ಮೊದಲೇ ಸಂಯೋಜಕರ ಬಳಿ ಮಾತ್ರ ಇತ್ಯರ್ಥವಾಗಲಿ. ಮಲಗಲು ಬರುವವರಿಂದ, ತಿರುಗಾಟದ ಕೂಲಿಯವರಿಂದ ಶುಲ್ಕ ಎಂಬ ಮಾತೇ ಬೇಡ.

ಡೊಂಬಿವಲಿ ಫಾಸ್ಟ್ ಲೋಕಲ್

ಕರಾರು ಆದ ಮೇಲೆ ಬಿಲ್ಲು ಸಮಯಕ್ಕೆ ಬರುತ್ತದೆಯೇ? ಜಿಎಸ್‌ಟಿ ಕಟ್ಟಬೇಕೇ?

ಸಿಎ ಮುಲುಂಡ್

ತ್ರೈಮಾಸಿಕ ಬಿಲ್ಲು ಎಂದರೆ ಮೂರು ತಿಂಗಳು ನಿಮ್ಮ ಕೈಯಿಂದ ಖರ್ಚು, ಮೇಲೆ ಪರಿಶೀಲನೆಗೆ ಒಂದು ತಿಂಗಳು. ನಾಲ್ಕು ತಿಂಗಳ ಖರ್ಚು, ಮೇಲಿನ ಉದಾಹರಣೆಯಲ್ಲಿ 8,20,000, ಕೈಯಲ್ಲಿಲ್ಲದೆ ಸಹಿ ಹಾಕಬೇಡಿ. ಅಷ್ಟಿಲ್ಲದಿದ್ದರೆ ಮುಂಗಡದ ಷರತ್ತು ಅಥವಾ ತಿಂಗಳ ಬಿಲ್ಲು ಕೇಳಿ. ಸಂಘದ ಸಭಾಭವನದ ಠೇವಣಿ ಇಂಥ ತಾತ್ಕಾಲಿಕ ಬಳಕೆಗೆ ಸಿಗುವುದಾದರೆ ವಿಶ್ವಸ್ತರ ಠರಾವು ಮೊದಲೇ ಆಗಲಿ.

ಬಿಲ್ಲಿನ ಜೊತೆ ಹಾಜರಿ ಪುಸ್ತಕದ ಪ್ರತಿ, ಬ್ಯಾಂಕಿನ ಮೂಲಕ ಸಂಬಳ ಕೊಟ್ಟ ದಾಖಲೆ, ಭವಿಷ್ಯ ನಿಧಿ ಮತ್ತು ಇಎಸ್‌ಐ ಚಲನ್, ದಿನಸಿಯ ರಸೀದಿ, ಬಳಕೆ ಪ್ರಮಾಣಪತ್ರ. ತಿರುಗಿ ಬರುವ ಬಿಲ್ಲುಗಳಲ್ಲಿ ಕಾಣುವ ದೋಷ ಸಾಮಾನ್ಯವಾಗಿ ಒಂದೇ: ಬ್ಯಾಂಕ್ ಖಾತೆ, ಪ್ಯಾನ್, ನೋಂದಣಿ ಪತ್ರ ಈ ಮೂರರಲ್ಲಿ ಸಂಘದ ಹೆಸರು ಮೂರು ಥರ. ಒಂದರಲ್ಲಿ ‘ಕರ್ನಾಟಕ’, ಇನ್ನೊಂದರಲ್ಲಿ ‘ಕರ್ನಾಟಕಾ’. ಕರಾರಿಗೆ ಮುಂಚೆಯೇ ಸರಿಮಾಡಿ. ಮಾರ್ಚ್ ಬಿಲ್ಲನ್ನು ತಿಂಗಳ ಮಧ್ಯದೊಳಗೆ ಕೊಡಿ. ಮಾರ್ಚ್ 31 ದಾಟಿದರೆ ಆ ಸಾಲಿನ ಹಣ ರದ್ದಾಗಿ ಹೊಸ ವರ್ಷದ ಒಪ್ಪಿಗೆಗೆ ಕಾಯಬೇಕಾಗುತ್ತದೆ.

ಜಿಎಸ್‌ಟಿ: ಪಾಲಿಕೆಗೆ ಅದರ ಸಾಂವಿಧಾನಿಕ ಕರ್ತವ್ಯಕ್ಕೆ ಸಂಬಂಧಿಸಿ ಕೊಡುವ ಶುದ್ಧ ಸೇವೆಗೆ ವಿನಾಯಿತಿ ಇದೆ. ಸೇವೆಯ ಜೊತೆ ಸರಕೂ ಇದ್ದರೆ ಸರಕಿನ ಮೌಲ್ಯ ಒಟ್ಟಿನ ನೂರಕ್ಕೆ 25 ಮೀರಬಾರದು. ಮೇಲಿನ ಉದಾಹರಣೆಯಲ್ಲಿ ಊಟ 62,400, ಒಟ್ಟು 2,05,000. ಇದು ನೂರಕ್ಕೆ 30! ಪೂರ್ತಿ ಊಟವನ್ನು ಸರಕು ಎಂದು ಎಣಿಸಿದರೆ ವಿನಾಯಿತಿ ತಪ್ಪುತ್ತದೆ. ಹಾಗಾಗಿ ಊಟವನ್ನು ಮಹಿಳಾ ಬಚತ್ ಗಟ್ (ಸ್ವಸಹಾಯ ಸಂಘ) ಒಂದಕ್ಕೆ ಪಾಲಿಕೆಯಿಂದಲೇ ಪ್ರತ್ಯೇಕ ಆದೇಶವಾಗಿ ಕೊಡಿಸುವುದು ಒಳ್ಳೆಯದು. ಸ್ಥಿರ ಭಾಗ, ಬದಲಾಗುವ ಭಾಗ ಅಂತ ಆಗಲೇ ವಿಂಗಡಿಸಿದ್ದರೆ ಇದಕ್ಕೆ ಹೊಸ ಕೆಲಸವೇನೂ ಇಲ್ಲ.

ಮಾಟುಂಗಾ ಪೂರ್ವ

ಬಹಳ ಉಪಯೋಗವಾಯಿತು. ಇನ್ನು ತಿಂಗಳ ಪ್ರಶ್ನೆ ಉಳಿಯಿತು. ಪತ್ರ ಯಾವಾಗ, ಯಾರಿಗೆ, ಏನಂತ?

ಲೆಕ್ಕಶೀರ್ಷಿಕೆ

ಮುಂಬಯಿಯಲ್ಲಿ ಆಯುಕ್ತರು ಫೆಬ್ರವರಿ 5ರೊಳಗೆ ಮುಂಗಡಪತ್ರ ಮಂಡಿಸಬೇಕು. ಅಷ್ಟರಲ್ಲಿ ವಾರ್ಡ್ ಮತ್ತು ವಿಭಾಗಗಳ ಅಂದಾಜು ಮುಗಿದಿರುತ್ತದೆ, ಆದ್ದರಿಂದ ಜನವರಿಯ ಪತ್ರ ಮುಂದಿನ ವರ್ಷದ ಪತ್ರವೇ. ಸೆಪ್ಟೆಂಬರ್‌ನಲ್ಲಿ ಬರೆಯಿರಿ, ಅಕ್ಟೋಬರ್‌ನಲ್ಲಿ ವಾರ್ಡಿನ ಸಹಾಯಕ ಆಯುಕ್ತರನ್ನು ಭೇಟಿಯಾಗಿ. ಪತ್ರದ ಒಂದೊಂದು ನಕಲು ನಿಯೋಜನೆ ವಿಭಾಗಕ್ಕೆ ಮತ್ತು ನಿಮ್ಮ ನಗರಸೇವಕರಿಗೆ (ಪಾಲಿಕೆಯ ಚುನಾಯಿತ ಸದಸ್ಯರಿಗೆ). 2022ರ ಮಾರ್ಚ್‌ನಿಂದ 2026ರ ಜನವರಿಯ ಚುನಾವಣೆಯವರೆಗೆ ನಗರಸೇವಕರೇ ಇರಲಿಲ್ಲ. ಈಗ ಸ್ಥಾಯಿ ಸಮಿತಿಯಲ್ಲಿ ಸಾಲು ಸೇರಿಸುವ ಬಾಯಿ ಮತ್ತೆ ಸಿಕ್ಕಿದೆ, ಬಳಸಿಕೊಳ್ಳಿ. ಅವರ ನಿಧಿಯಿಂದ ಪೇವರ್ ಬ್ಲಾಕ್ ಕೇಳಬೇಡಿ, ಸಮಿತಿಯಲ್ಲಿ ನಿಮ್ಮ ಸಾಲಿಗೆ ದನಿ ಕೇಳಿ.

ಪತ್ರ ಮರಾಠಿಯಲ್ಲಿರಲಿ, ಎರಡು ಪುಟ ಮೀರದಿರಲಿ. ಮೊದಲ ಪುಟದಲ್ಲಿ ಈ ಅರ್ಥದ ಐದು ವಾಕ್ಯ ಸಾಕು:

‘ಈ ವಾರ್ಡಿನಲ್ಲಿ ಕಳೆದ ಆರು ತಿಂಗಳಲ್ಲಿ ಹಗಲು ಆರೈಕೆ ಕೇಳಿ ಬಂದವರು ಇಷ್ಟು, ಜಾಗ ಅಥವಾ ಸಿಬ್ಬಂದಿ ಇಲ್ಲದೆ ತಿರುಗಿ ಹೋದವರು ಇಷ್ಟು. ಕೊಠಡಿ ಇಂಥಲ್ಲಿ ಲಭ್ಯವಿದೆ, ನಕ್ಷೆ ಮತ್ತು ಠರಾವು ಲಗತ್ತಿಸಿದೆ. 40 ಜನರಿಗೆ ರಾಜಸ್ವ ವೆಚ್ಚದಡಿ ತಿಂಗಳಿಗೆ ಸ್ಥಿರ ಮೊತ್ತ ಇಷ್ಟು ಮತ್ತು ಊಟಕ್ಕೆ ತಲಾ ದರ ಇಷ್ಟು ಬೇಕು. ಕನಿಷ್ಠ ವೇತನ ಬದಲಾದಾಗ ಸ್ಥಿರ ಮೊತ್ತವೂ ಬದಲಾಗಬೇಕು. ಮೂರು ವರ್ಷದ ಕರಾರಿಗೆ ಆಸಕ್ತಿ ಪ್ರಕಟಣೆ ಕರೆಯಬೇಕೆಂದು ವಿನಂತಿ.’

ಕೊನೆಯ ವಾಕ್ಯ ಗಮನಿಸಿ. ‘ನಮ್ಮ ಸಂಘಕ್ಕೆ ಕೊಡಿ’ ಅಂತ ಬರೆದರೆ ಅಧಿಕಾರಿಗೆ ಲೆಕ್ಕಪರಿಶೋಧನೆಯ ತಕರಾರು ಬರುತ್ತದೆ. ಎಲ್ಲರಿಗೂ ಪ್ರಕಟಣೆ ಕರೆದು ಸ್ಪರ್ಧೆಯಲ್ಲಿ ಬನ್ನಿ. ನಿಮಗೆ ಸಿಗದೆ ಬೇರೆ ಸಂಸ್ಥೆಗೆ ಸಿಕ್ಕರೂ ಶೀರ್ಷಿಕೆ ಮುಂಗಡಪತ್ರದಲ್ಲಿ ಹುಟ್ಟಿರುತ್ತದೆ. ಮುಂದಿನ ವರ್ಷ ಪಕ್ಕದ ವಾರ್ಡಿನವರು ಅದೇ ಸಂಖ್ಯೆ ತೋರಿಸಿ ಕೇಳಬಹುದು. ಜುಲೈಯಲ್ಲಿ ಒಮ್ಮೆ ಆ ಶೀರ್ಷಿಕೆಯಡಿ ಎಷ್ಟು ಖರ್ಚಾಗಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಖರ್ಚಾಗದೆ ಉಳಿದ ಸಾಲನ್ನು ಡಿಸೆಂಬರ್‌ನ ಪರಿಷ್ಕೃತ ಅಂದಾಜಿನಲ್ಲಿ ಬೇರೆಡೆಗೆ ತಿರುಗಿಸುತ್ತಾರೆ, ಅದಕ್ಕೆ ಮುಂಚೆ ತಿಳಿದಿದ್ದರೆ ತಡೆಯಲು ಸಮಯವಿರುತ್ತದೆ.